ಆ ಪುಟದ ಒಂಬತ್ತು ಪ್ರತಿಗಳು

ಹೋದ ತಿಂಗಳು ನನ್ನ ಹಳೆಯ ಇಲಾಖೆಗೆ ಹೊಸದಾಗಿ ಸೇರಿದ ಕಾನೂನು ಸಹಾಯಕರಿಗೆ ತರಬೇತಿ ಇತ್ತು. ಅರ್ಧ ಗಂಟೆ ಮಾತಾಡಿ ಎಂದು ನನ್ನನ್ನೂ ಕರೆದಿದ್ದರು. ಸಾಮಾಜಿಕ ಜಾಲತಾಣಗಳ ನಿಯಂತ್ರಣ ಎಂಬ ವಿಷಯ. ಆ ಮಕ್ಕಳೆಲ್ಲ ಕಾನೂನಿನ ಕಲಮು ಯಾವುದು, ಉಪಕಲಮು ಯಾವುದು ಎಂದು ಕೇಳಿದರೇ ಹೊರತು ಕೆಲಸ ಹೇಗಿರುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಕಲಮು ಪುಸ್ತಕದಲ್ಲಿದೆ, ಓದಿಕೊಳ್ಳಬಹುದು. ಪುಸ್ತಕದಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಮೂಗಿನ ತುದಿಯಲ್ಲಿ ಕೋಪ, ನಾಲಿಗೆಯೂ ಸ್ವಲ್ಪ ಉದ್ದ ಎಂದು ಜೊತೆಗೆ ಕೆಲಸ ಮಾಡಿದವರು ಹೇಳುವುದುಂಟು. ಬರೆಯುವಾಗಲೂ ಅದನ್ನು ಅಡಗಿಸಿಡಲು ಹೋಗುವುದಿಲ್ಲ.

ನಾನು ಕೇರಳದ ಉತ್ತರ ತುದಿಯ ಕುಂಬಳೆ ಕಡೆಯವಳು. ಓದಿದ್ದು ಕನ್ನಡ ಶಾಲೆಯಲ್ಲಿ, ಸರ್ಕಾರಿ ಕಾನೂನು ಕೆಲಸ ಸಿಕ್ಕಿದ್ದು ರಾಜ್ಯದ ಇನ್ನೊಂದು ತುದಿಯ ತಿರುವನಂತಪುರದಲ್ಲಿ. ಅಲ್ಲಿನ ಉಳ್ಳೂರಿನಲ್ಲಿ ಬಾಡಿಗೆ ಮನೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ನನ್ನನ್ನು ಹಿಂದೆ ಹಾಕಿದರು ಎಂಬುದೆಲ್ಲ ಈಗ ಯಾರಿಗೂ ಬೇಡದ ಪುರಾಣ. ಈ ಕಥೆಯಲ್ಲಿ ಬರುವವರಲ್ಲಿ ವಕೀಲ ಭಟ್ಟರೊಬ್ಬರನ್ನೂ ಕೋರ್ಟಿನ ಇಂಗ್ಲಿಷನ್ನೂ ಬಿಟ್ಟರೆ ಉಳಿದವರೆಲ್ಲ ಮಾತಾಡಿದ್ದು ಮಲಯಾಳದಲ್ಲಿ. ಅದನ್ನು ನನ್ನ ಊರಿನ ಕನ್ನಡದಲ್ಲಿ ಬರೆಯುತ್ತೇನೆ. ಬೇರೆ ಊರಿನ ಕನ್ನಡ ನನಗೆ ಬರುವುದಿಲ್ಲ.

ಎರಡು ಸಾವಿರದ ದಶಕದ ನಡುವಿನ ವರ್ಷಗಳು ಅವು. ಸಾಮಾಜಿಕ ಜಾಲತಾಣ ಎಂಬ ಮಾತೇ ಆಗ ನಮ್ಮ ಕಚೇರಿಗೆ ಬಂದಿರಲಿಲ್ಲ. ಅಂಥ ದೂರುಗಳನ್ನು ಇಡುವ ಫೈಲಿನ ಮೇಲೆ 'ಕಂಪ್ಯೂಟರ್, ಇತರೆ' ಎಂದು ಬರೆದಿತ್ತು. ಇಡೀ ವಿಭಾಗಕ್ಕೆ ಇಂಟರ್‌ನೆಟ್ ಇದ್ದ ಕಂಪ್ಯೂಟರ್ ಒಂದೇ. ಅದು ನಮ್ಮ ಮೇಲಧಿಕಾರಿ ಕುರುಪ್ ಸಾರ್ ಅವರ ಕೋಣೆಯಲ್ಲಿ ಹೂವಿನ ಬಟ್ಟೆ ಹೊದ್ದುಕೊಂಡು ಕೂತಿತ್ತು. ದೂರು ಬಂದ ಪುಟವನ್ನು ನೋಡಬೇಕಾದರೆ ಸಾರ್ ಅನುಮತಿ ಬೇಕು, ಅವರ ಎದುರಲ್ಲೇ ನೋಡಬೇಕು. ಏನಾದರೂ ಅಸಭ್ಯವಾದದ್ದು ಕಾಣಿಸಿದರೆ ಸಾರ್ ಎದ್ದು ಕಿಟಕಿಯ ಹತ್ತಿರ ಹೋಗಿ ರಸ್ತೆ ನೋಡುತ್ತ ನಿಲ್ಲುತ್ತಿದ್ದರು. ಆಗ ಹುಡುಗರೆಲ್ಲ ಸೇರುತ್ತಿದ್ದ ಒಂದು ಅಮೆರಿಕದ ಜಾಲತಾಣದ ಒಳಹೊರಗನ್ನು ನಾನು ಕಲಿತದ್ದು ಮನೆಯಲ್ಲಿ, ಪ್ಲಸ್ ಟೂ ಓದುತ್ತಿದ್ದ ಮಗಳ ಹತ್ತಿರ. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು, ಪುಟ ಇಂಗ್ಲಿಷಿನಲ್ಲಿತ್ತು. ಇಬ್ಬರಿಗೂ ಬೇಗ ಸಿಟ್ಟು ಬರುತ್ತಿತ್ತು.

ನನ್ನ ಕೈಗೆ ಬಂದ ಮೊದಲ ದೂರು ಒಬ್ಬ ಹೆಡ್‌ಮಾಸ್ಟರದು. ಅವರನ್ನು ದ್ವೇಷಿಸುವವರೆಲ್ಲ ಬನ್ನಿ ಎಂದು ಯಾರೋ ಹುಡುಗರು ಆ ತಾಣದಲ್ಲಿ ಒಂದು ಗುಂಪು ಕಟ್ಟಿದ್ದರು. ಹೆಡ್‌ಮಾಸ್ಟರು ಕೇಳಿದ್ದು ಗುಂಪು ತೆಗೆಸಿ ಎಂದಲ್ಲ, ಆ ತಾಣವನ್ನೇ ದೇಶದಲ್ಲಿ ಮುಚ್ಚಿಸಿ ಎಂದು. ಕಚೇರಿಯಲ್ಲೂ ಹಲವರಿಗೆ ಅದೇ ಸರಿ ಎನಿಸಿತು. ನಮ್ಮಂಥ ದೇಶಗಳಿಗೆ ಇದೊಂದು ಚಟ. ತೆರೆಯಲು ಬಾರದ ಬಾಗಿಲು ಕಂಡರೆ ಗೋಡೆಯನ್ನೇ ಕೆಡವಬೇಕು ಅನಿಸುತ್ತದೆ. ಕುರುಪ್ ಸಾರ್ ಅದಕ್ಕೆ ಒಪ್ಪಲಿಲ್ಲ. ಹುಡುಗರು ಶಾಲೆಯ ಗೋಡೆ ಮೇಲೆ ಬರೆದರೆ ಶಾಲೆ ಮುಚ್ಚುತ್ತೇವಾ ಎಂದು ಕೇಳಿದರು. ನಾನು ಆ ತಾಣ ನಡೆಸುವ ಅಮೆರಿಕದ ಕಂಪನಿಯ ಮ್ಯಾನೇಜರರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ, ಸ್ವೀಕೃತಿ ಚೀಟಿ ಸಮೇತ, ಒಂದು ಪತ್ರ ಕಳಿಸಿದೆ. ಉತ್ತರವಿಲ್ಲ. ನಿಯಮದಂತೆ ರಿಮೈಂಡರ್ ಕಳಿಸಿದೆ. ಮೂರನೆಯ ರಿಮೈಂಡರ್ ಹೋಗುವ ಹೊತ್ತಿಗೆ ಹೆಡ್‌ಮಾಸ್ಟರು ನಿವೃತ್ತರಾಗಿದ್ದರು, ಹುಡುಗರು ಪಾಸಾಗಿ ಹೋಗಿದ್ದರು.

ಈ ನಡುವೆ ಪೊಲೀಸ್ ಸೈಬರ್ ವಿಭಾಗದ ಒಬ್ಬ ಕಾನ್‌ಸ್ಟೇಬಲ್ ಬಂದವನು ಪುಟದ ಕೆಳಗೆ 'ದೂರು ಕೊಡಿ' ಎಂಬ ಒಂದು ಗುಂಡಿ ಇದೆ, ಅದನ್ನು ಒತ್ತಬಹುದಲ್ಲ ಎಂದ. ಕೋಣೆಯಲ್ಲಿದ್ದವರೆಲ್ಲ ಪ್ರಶ್ನೆ ಕೇಳತೊಡಗಿದೆವು. ಸರ್ಕಾರ ಆದೇಶ ಕೊಡುತ್ತದೆ, ಗುಂಡಿ ಒತ್ತುತ್ತದೆಯೇ? ಒತ್ತುವುದಾದರೆ ಯಾವ ದರ್ಜೆಯ ಅಧಿಕಾರಿ ಒತ್ತಬೇಕು? ಗುಂಡಿ ಒತ್ತಿದರೆ ಸರ್ಕಾರ ಆ ಕಂಪನಿಯ ಷರತ್ತುಗಳಿಗೆ ಒಪ್ಪಿದಂತೆ ಆಗುವುದಿಲ್ಲವೇ? ಇದಿಷ್ಟನ್ನೂ ನಾನು ನೋಟ್ ಶೀಟಿನಲ್ಲಿ ಗಂಭೀರವಾಗಿ ಬರೆದೆ. ಅದು ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು, 'ಚರ್ಚಿಸಿ' ಎಂದು ಬರೆಸಿಕೊಂಡು ಮತ್ತೆ ಮೇಲಕ್ಕೆ ಹೋಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ತೀರ್ಮಾನ ಆಗಲೇ ಇಲ್ಲ.

ಸ್ಟೆಲ್ಲಾ ಬಂದದ್ದು ಆ ಸಮಯದಲ್ಲಿ. ವಿಳಿಂಜಂನ ಮೀನುಗಾರ ಪತ್ರೋಸನ ಮಗಳು. ಶ್ರೀಕಾರ್ಯಂ ಕಡೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೆಯ ವರ್ಷ, ಹಾಸ್ಟೆಲಿನಲ್ಲಿ ವಾಸ. ಅವರ ಕಡಲತೀರದಿಂದ, ಅಂದರೆ ಅವರು ಕಡಪ್ಪುರ ಎನ್ನುವ ಆ ಕೇರಿಯಿಂದ, ಇಂಜಿನಿಯರಿಂಗ್ ಸೇರಿದ ಮೊದಲ ಹುಡುಗಿ. ಯಾರೋ ಆ ತಾಣದಲ್ಲಿ ಅವಳ ಹೆಸರು, ಅವಳ ಫೋಟೋ ಹಾಕಿ ಒಂದು ಸುಳ್ಳು ಪುಟ ಮಾಡಿದ್ದರು. ಅದರಲ್ಲಿ ಅವಳೇ ಆಡಿದಳು ಎಂಬಂತೆ ಹೊಲಸು ಮಾತುಗಳು, ಕೊನೆಗೆ ಹಾಸ್ಟೆಲಿನ ಫೋನ್ ನಂಬರು. ಹಾಸ್ಟೆಲಿನ ಪಡಸಾಲೆಯಲ್ಲಿ ಎಲ್ಲರಿಗೂ ಇದ್ದದ್ದು ಆ ಒಂದೇ ಫೋನು. ದಿನವಿಡೀ ಯಾರ್ಯಾರೋ ಗಂಡಸರು ಅವಳನ್ನು ಕೇಳಿಕೊಂಡು ಫೋನು ಮಾಡುತ್ತಿದ್ದರು.

ಪತ್ರೋಸ್ ಭಾನುವಾರ ಚರ್ಚಿಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಕೊಟ್ಟ ಕುರ್ಚಿಯಲ್ಲಿ ಕೂರಲಿಲ್ಲ. ಮಗಳು ಮಾತಾಡಿದಳು, ಒಂದೇ ಒಂದು ಹನಿ ಕಣ್ಣೀರಿಲ್ಲದೆ, ಪಾಠ ಒಪ್ಪಿಸುವ ಹಾಗೆ. ತಿರುವನಂತಪುರದಲ್ಲಿ ಅಧಿಕಾರಿ ಹೆಂಗಸಾದರೂ ಸಾರ್ ಎಂದೇ ಕರೆಯುವುದು.

"ಸಾರೇ, ಓಣಂ ರಜೆ ಮುಗಿದು ಹಾಸ್ಟೆಲ್ ತೆರೆಯುವಾಗ ಅದು ಅಲ್ಲೇ ಇದ್ರೆ ನಾನು ಇವಳನ್ನು ಕಳಿಸುವುದಿಲ್ಲ," ಎಂದ ಪತ್ರೋಸ್. "ಇವಳ ಮೇಲೆ ಸಂಶಯ ಉಂಟು ಅಂತ ಅಲ್ಲ. ಕಡಲಿನಲ್ಲಾದ್ರೆ ಗಾಳಿ ಎಲ್ಲಿಂದ ಬರ್ತದೆ ಅಂತ ನನಗೆ ಗೊತ್ತಾಗ್ತದೆ. ಇದು ಎಲ್ಲಿಂದ ಬರ್ತದೆ ಅಂತ ಗೊತ್ತಾಗುವುದಿಲ್ಲ."

ಓಣಂ ಮುಗಿದು ಮೂರು ವಾರಕ್ಕೆ ಸೆಮಿಸ್ಟರ್ ಪರೀಕ್ಷೆ. ಅದನ್ನು ಬರೆಯದಿದ್ದರೆ ವರ್ಷ ಹೋಯಿತು, ವರ್ಷ ಹೋದರೆ ಆ ಹುಡುಗಿ ಮತ್ತೆ ಕಾಲೇಜಿಗೆ ಬರುವುದಿಲ್ಲ ಎಂದು ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅದರೊಳಗೆ ತೆಗೆಸಿಕೊಡುತ್ತೇನೆ ಎಂದು ನಾನು ಮಾತು ಕೊಟ್ಟೆ. ಮಾತು ಕೊಡಲು ನನಗೆ ಯಾವ ಅಧಿಕಾರವೂ ಇರಲಿಲ್ಲ.

ಆ ದಿನ ಕಂಪನಿಗೆ ಬರೆದ ಪತ್ರದಷ್ಟು ಒಳ್ಳೆಯ ಪತ್ರವನ್ನು ನಾನು ಸರ್ವಿಸಿನಲ್ಲೇ ಬರೆದಿಲ್ಲ. ಅದರಲ್ಲಿ ಹುಡುಗಿಯ ಹೆಸರು, ತಂದೆಯ ಹೆಸರು, ಊರು, ಕಾಲೇಜು ಎಲ್ಲ ಇತ್ತು. ಪುರಾವೆ ಎಂದು ಆ ಪುಟವನ್ನು ಬಣ್ಣದಲ್ಲಿ ಮುದ್ರಿಸಿ ಲಗತ್ತು ಮಾಡಿದೆ. ಆಮೇಲೆ ನಮ್ಮ ಕಚೇರಿಗಳ ಹಳೆಯ ಸಂಪ್ರದಾಯದಂತೆ ಪತ್ರದ ಕೆಳಗೆ 'ಪ್ರತಿ' ಎಂದು ಬರೆದು ಯಾರ್ಯಾರಿಗೆ ಕಳಿಸಬೇಕೋ ಅವರ ಪಟ್ಟಿ ಮಾಡಿದೆ. ಒಂಬತ್ತು ಕಚೇರಿಗಳಾದವು. ಪಟ್ಟಿ ಉದ್ದವಾದಷ್ಟೂ ಕೆಲಸ ಗಟ್ಟಿ ಎಂಬ ನಂಬಿಕೆ ಆಗ. ಒಂಬತ್ತಕ್ಕೂ ಆ ಬಣ್ಣದ ಹಾಳೆಯನ್ನು ಸೇರಿಸಿ ಪಿನ್ ಹೊಡೆದೆ. ಪ್ರತಿಯೊಂದರ ಮೂಲೆಯಲ್ಲೂ ನನ್ನ ಕೈಬರಹದಲ್ಲಿ ಫೈಲ್ ನಂಬರು. ಕುರುಪ್ ಸಾರ್ ಭೇಷ್ ಎಂದು ಸಹಿ ಹಾಕಿದರು.

ಹನ್ನೆರಡು ದಿನ ಕಳೆದು ಪತ್ರೋಸ್ ಒಬ್ಬನೇ ಬಂದ. ಈ ಸಲ ಕೆಲಸದ ಲುಂಗಿಯಲ್ಲೇ ಇದ್ದ. ಮಡಚಿದ್ದ ಒಂದು ಕಾಗದವನ್ನು ನನ್ನ ಮೇಜಿನ ಮೇಲೆ ಬಿಡಿಸಿ ಇಟ್ಟ. ಮಗಳ ಪುಟದ ಕಪ್ಪುಬಿಳುಪು ಜೆರಾಕ್ಸ್. ಮೀನು ಹರಾಜು ಹಾಕುವ ಜಾಗದಲ್ಲಿ ಯಾರೋ ಅವನ ಕೈಗೇ ಕೊಟ್ಟು ನಕ್ಕಿದ್ದರಂತೆ.

"ನಮ್ಮ ಕಡಪ್ಪುರದಲ್ಲಿ ಕಂಪ್ಯೂಟರ್ ಇರುವ ಮನೆ ಒಂದೂ ಇಲ್ಲ ಸಾರೇ," ಎಂದ. "ಆ ಪುಟವನ್ನು ಅಲ್ಲಿ ಯಾರೂ ಕಂಡವರಿಲ್ಲ. ಈ ಕಾಗದವನ್ನು ಎಲ್ಲರೂ ಕಂಡಿದ್ದಾರೆ."

ಕಾಗದದ ಮೂಲೆಯಲ್ಲಿ ನನ್ನ ಕೈಬರಹವಿತ್ತು.

ಒಂಬತ್ತರಲ್ಲಿ ಯಾವ ಕಚೇರಿಯಿಂದ ಅದು ಹೊರಗೆ ಬಿತ್ತೋ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಿ ಆಗಬೇಕಾದ್ದೂ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿಗೆ ಕಂಬ ನೆಟ್ಟವಳು ನಾನು. ಅಮೆರಿಕದ ಆ ಕಂಪನಿಯನ್ನು ಎಷ್ಟು ಬೈದಿದ್ದೆ. ಅವರು ಮಾಡಿದ ಅನ್ಯಾಯ ವಿಳಿಂಜಂವರೆಗೆ ಬಂದಿರಲಿಲ್ಲ. ಅದನ್ನು ಸರ್ಕಾರಿ ಟಪಾಲಿನಲ್ಲಿ ಅಲ್ಲಿಗೆ ಮುಟ್ಟಿಸಿದ್ದು ನಾನು. ಸ್ಟೆಲ್ಲಾ ಎಲ್ಲಿ ಎಂದು ಕೇಳಿದೆ. ಮನೆಯಲ್ಲಿದ್ದಾಳೆ, ಪುಸ್ತಕದ ಪೆಟ್ಟಿಗೆಯನ್ನೂ ಹಾಸ್ಟೆಲಿನಿಂದ ತಂದಾಯಿತು ಎಂದ.

ಆಗ ನಾನು ಸರ್ಕಾರಿ ನೌಕರಳಾಗಿ ಮಾಡಬಾರದ ಒಂದು ಕೆಲಸ ಮಾಡಿದೆ. ನಮ್ಮ ಮೇಲೇ ಕೇಸು ಹಾಕಿ ಎಂದು ಪತ್ರೋಸನಿಗೆ ಹೇಳಿದೆ. ಕೊಚ್ಚಿಯ ಹೈಕೋರ್ಟಿನಲ್ಲಿ ಬಡವರ ಪರವಾಗಿ ವಾದಿಸುವ ವಕೀಲರು ಸಿಗುತ್ತಾರೆ, ಅಲ್ಲಿಂದ ಆದೇಶ ಬಂದರೆ ಮಾತ್ರ ಕಂಪನಿಯ ಕಿವಿಗೆ ಬೀಳುತ್ತದೆ, ಕಾಲೇಜಿನಲ್ಲಿ ಹಾಜರಿ ಕಡಿಮೆಯಾಯಿತು ಎಂದು ಪರೀಕ್ಷೆಗೆ ತಡೆ ಹಾಕದಂತೆಯೂ ಕೇಳಬಹುದು ಎಂದೆ. ನನ್ನನ್ನು ನಂಬಲು ಅವನಿಗೆ ಕಾರಣವೇನೂ ನಾನು ಕೊಟ್ಟಿರಲಿಲ್ಲ. ಆದರೂ ಒಂದು ವಾರದಲ್ಲಿ ಸ್ಟೆಲ್ಲಾಳ ಅರ್ಜಿ ದಾಖಲಾಯಿತು. ಮೊದಲ ಎದುರಾಳಿ ಸರ್ಕಾರ, ಎರಡನೆಯವರು ಕಂಪನಿ, ಮೂರನೆಯದು ಕಾಲೇಜು.

ಸರ್ಕಾರದ ಉತ್ತರ ಬರೆಯುವ ಕೆಲಸ ನನ್ನ ಮೇಜಿಗೇ ಬಂತು. ಇಂಥ ಉತ್ತರಗಳಿಗೆ ಒಂದು ಅಚ್ಚು ಇರುತ್ತದೆ. ಅರ್ಜಿಯಲ್ಲಿ ಹೇಳಿದ್ದೆಲ್ಲ ಸುಳ್ಳು, ಸರ್ಕಾರ ಎಲ್ಲ ಕ್ರಮ ಕೈಗೊಂಡಿದೆ, ಅರ್ಜಿಯನ್ನು ವಜಾ ಮಾಡಬೇಕು. ನಾನು ಅಚ್ಚು ಬಿಟ್ಟು ಬರೆದೆ. ನಾವು ಕಳಿಸಿದ ಪ್ರತಿಗಳ ಮೂಲಕವೇ ಪುಟ ಊರಿನಲ್ಲಿ ಹರಡಿರಬಹುದು ಎಂದು ಬರೆದು ಕುರುಪ್ ಸಾರ್ ಎದುರು ಇಟ್ಟೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಎರಡು ಸಲ ಓದಿದರು. ತಮಗೆ ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು ಎಂದರು. ಆಮೇಲೆ ಪೆನ್ನು ತೆಗೆದು 'ಹರಡಿರಬಹುದು' ಎಂಬುದನ್ನು ಹೊಡೆದು 'ಹರಡಿದೆ' ಎಂದು ತಿದ್ದಿ ಸಹಿ ಹಾಕಿದರು. ಸರ್ವಿಸಿನಲ್ಲಿ ನಾನು ಜಗಳ ಮಾಡಿದ ಮೇಲಧಿಕಾರಿಗಳು ಬಹಳ. ಕುರುಪ್ ಸಾರ್ ಅವರನ್ನು ನೆನೆದಾಗ ಮಾತ್ರ ಈಗಲೂ ಎದ್ದು ನಿಲ್ಲಬೇಕು ಅನಿಸುತ್ತದೆ.

ಬೆಳಗಿನ ಐದರ ರೈಲಿನಲ್ಲಿ ಫೈಲು ಹಿಡಿದುಕೊಂಡು ಕೊಚ್ಚಿಗೆ ಹೋದೆ. ಅಲ್ಲಿ ನಮ್ಮ ಪರ ವಾದಿಸುವ ಸರ್ಕಾರಿ ವಕೀಲರು ಭಟ್ಟರು, ಕಾಸರಗೋಡಿನವರೇ. ಕೋರ್ಟಿನ ವರಾಂಡದಲ್ಲಿ ನಿಂತು ಉತ್ತರ ಓದಿದವರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಇದೆಂತ ಮಾರಾಯ್ರೆ ಸಾವಿತ್ರಿಯವರೇ," ಎಂದರು. "ಇಷ್ಟು ವರ್ಷದಲ್ಲಿ ಸರ್ಕಾರ ತಪ್ಪು ಒಪ್ಪಿಕೊಂಡ ಕಾಗದ ನನ್ನ ಕೈಗೆ ಬಂದದ್ದೇ ಇಲ್ಲ. ಇದನ್ನು ಹಿಡ್ಕೊಂಡು ನಾನು ಎಂತ ವಾದ ಮಾಡುವುದು?"

"ವಾದ ಮಾಡ್ಬೇಡಿ," ಎಂದೆ. "ಓದಿ ಹೇಳಿ, ಸಾಕು."

ಭಟ್ಟರು ಓದಿ ಹೇಳಿದರು. ಕಂಪನಿಯ ವಕೀಲರು ಎದ್ದು, ಕಂಪನಿ ಇರುವುದು ಬೇರೆ ದೇಶದಲ್ಲಿ, ಇಲ್ಲಿರುವ ಕಚೇರಿ ಬರೀ ಜಾಹೀರಾತಿನದು, ಪುಟ ತೆಗೆಯುವ ಅಧಿಕಾರ ಅದಕ್ಕಿಲ್ಲ ಎಂದರು. ನ್ಯಾಯಾಧೀಶರು ಅವರನ್ನು ಕೇಳಿದರು, ಜಾಹೀರಾತು ಕೊಡಬೇಕಾದವರು ಇಲ್ಲಿ ನಿಮ್ಮನ್ನು ಕಂಡುಹಿಡಿಯುತ್ತಾರೆ, ದೂರು ಕೊಡಬೇಕಾದ ಹುಡುಗಿ ಮಾತ್ರ ಸಮುದ್ರ ದಾಟಬೇಕೇ? ಇಲ್ಲಿ ದೂರು ಕೇಳಲು ಹೆಸರು, ವಿಳಾಸ ಇರುವ ಒಬ್ಬ ಮನುಷ್ಯನನ್ನು ಇಟ್ಟರೆ ನಿಮಗೇನು ಕಷ್ಟ? ವಕೀಲರು ಸೂಚನೆ ಪಡೆದು ಹೇಳುತ್ತೇನೆ ಎಂದರು. ಕೆಲವು ವರ್ಷಗಳ ಮೇಲೆ ದೇಶದ ನಿಯಮಗಳಲ್ಲೇ ಅಂಥ ಮಾತು ಬಂತು. ಓದಿದಾಗ ನನಗೆ ಆ ಪ್ರಶ್ನೆಯೇ ಕೇಳಿಸಿತು.

ಅನಂತರ ನ್ಯಾಯಾಧೀಶರು ನಮ್ಮ ಕಡೆ ತಿರುಗಿದರು. ಪುಟದಲ್ಲಿ ದೂರು ಕೊಡುವ ಗುಂಡಿ ಇದೆಯಂತಲ್ಲ, ಒತ್ತಿದ್ದೀರಾ ಎಂದು ಕೇಳಿದರು. ಭಟ್ಟರು ನನ್ನನ್ನು ನೋಡಿದರು. ಗುಂಡಿಯ ಬಗ್ಗೆ ನಮ್ಮಲ್ಲಿ ಹದಿನಾಲ್ಕು ಪುಟದ ನೋಟ್ ಶೀಟ್ ಇದೆ ಎಂದು ಹೇಗೆ ಹೇಳುವುದು? ಇಲ್ಲ ಎಂದೆ. ಇವತ್ತೇ, ಇದೇ ಕಟ್ಟಡದಲ್ಲಿ ಕೂತು ಒತ್ತಿ ಎಂದು ಆದೇಶವಾಯಿತು. ಪುಟದ ವಿಳಾಸವನ್ನು ಮಾತ್ರ ಮುಚ್ಚಿದ ಲಕೋಟೆಯಲ್ಲಿ ಕಂಪನಿಯ ವಕೀಲರಿಗೆ ಕೊಡಬೇಕು, ಹುಡುಗಿಯ ಹೆಸರು ಯಾವ ಕಾಗದದಲ್ಲೂ ಇರಬಾರದು, ಒಂಬತ್ತು ಪ್ರತಿಗಳನ್ನೂ ಸರ್ಕಾರ ವಾಪಸು ತರಿಸಬೇಕು, ಕಾಲೇಜು ಅವಳನ್ನು ಪರೀಕ್ಷೆಗೆ ಕೂರಿಸಬೇಕು. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಅರ್ಜಿದಾರಳಾಗಿ ಕೋರ್ಟಿಗೆ ಬಂದಿದ್ದ ಸ್ಟೆಲ್ಲಾ ಮತ್ತು ನಾನು ಒಂದೇ ಕಂಪ್ಯೂಟರಿನ ಎದುರು ಕೂತೆವು. ಗುಂಡಿಯನ್ನು ಅವಳೇ ಒತ್ತಿದಳು. ಲಕೋಟೆ ಕೆಲಸ ಮಾಡಿತೋ ಗುಂಡಿ ಕೆಲಸ ಮಾಡಿತೋ, ನಾಲ್ಕನೆಯ ದಿನ ಪುಟ ಹೋಗಿತ್ತು.

ಪುಟ ಮಾಡಿದವನು ಮಾತ್ರ ಸಿಗಲಿಲ್ಲ. ಎಂಟು ತಿಂಗಳ ಮೇಲೆ ಕಂಪನಿಯಿಂದ ಬಂದ ವಿವರ ಒಂದು ಇಂಟರ್‌ನೆಟ್ ಕೆಫೆಯವರೆಗೆ ಕರೆದುಕೊಂಡು ಹೋಯಿತು. ಅಲ್ಲಿನ ಹಾಜರಿ ಪುಸ್ತಕದಲ್ಲಿ ಸುಳ್ಳು ಹೆಸರು ಇತ್ತು. ಇಂಥ ಕೆಲಸದಲ್ಲಿ ಅರ್ಧ ಗೆಲುವೇ ಹೆಚ್ಚು, ಅದನ್ನು ಈಗಲೇ ತಿಳಿದುಕೊಳ್ಳಿ.

ಆದೇಶ ಬಂದ ವಾರದಲ್ಲೇ ಒಂಬತ್ತು ಪ್ರತಿಗಳನ್ನು ನಾನೇ ಕಚೇರಿಯಿಂದ ಕಚೇರಿಗೆ ಹೋಗಿ ಎಣಿಸಿ ತಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಜೆರಾಕ್ಸುಗಳು ಕಡಪ್ಪುರದಲ್ಲೇ ಇದ್ದವು. ಕೋರ್ಟು ಪುಟ ತೆಗೆಸಬಹುದು, ಪರೀಕ್ಷೆಗೆ ಕೂರಿಸಬಹುದು. ಮಗಳನ್ನು ಕಳಿಸು ಎಂದು ಒಬ್ಬ ಅಪ್ಪನಿಗೆ ಆದೇಶ ಕೊಡಲು ಅದಕ್ಕೂ ಆಗುವುದಿಲ್ಲ. ಓಣಂ ಕಳೆದ ಭಾನುವಾರ ಆದೇಶದ ಪ್ರತಿ ಹಿಡಿದು ವಿಳಿಂಜಂಗೆ ಹೋದೆ. ಪತ್ರೋಸ್ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ. ಆದೇಶವನ್ನು ಮಲಯಾಳದಲ್ಲಿ ವಿವರಿಸಿ ಹೇಳಿದೆ. ಅವನು ಕೈಕೆಲಸ ನಿಲ್ಲಿಸದೆ ಕೇಳಿಸಿಕೊಂಡ.

"ತಪ್ಪು ನಮ್ಮದು ಅಂತ ನೀವು ಕೋರ್ಟಲ್ಲಿ ಹೇಳಿದ್ದು ಇಂಗ್ಲಿಷಲ್ಲಿ," ಎಂದ. "ಅದು ಇಲ್ಲಿ ಯಾರಿಗೂ ಕೇಳಿಸ್ಲಿಲ್ಲ ಸಾರೇ. ಇಲ್ಲಿ ಒಮ್ಮೆ ಹೇಳಿ."

ಚರ್ಚಿನಿಂದ ಜನ ಬರುವ ಹೊತ್ತು. ಮೀನು ಹರಾಜು ಹಾಕುವ ಕಟ್ಟೆಯ ಹತ್ತಿರ ನನ್ನನ್ನು ಕರೆದುಕೊಂಡು ಹೋದ. ಗಂಡಸರು, ಮೀನು ಮಾರುವ ಹೆಂಗಸರು ಸುತ್ತ ನಿಂತರು. ನನ್ನ ಹೆಸರು, ಕೆಲಸ ಹೇಳಿದೆ. ಆ ಪುಟ ಸುಳ್ಳು, ಅದರಲ್ಲಿರುವ ಒಂದು ಮಾತೂ ಈ ಹುಡುಗಿಯದಲ್ಲ, ಅದನ್ನು ಕಾಗದ ಮಾಡಿ ಊರಿಗೆ ಬರುವ ಹಾಗೆ ಮಾಡಿದ್ದು ನಾನು, ಮೂಲೆಯಲ್ಲಿರುವ ಬರಹ ನನ್ನದು ಎಂದೆ. ಆಮೇಲೆ ಒಬ್ಬ ಮುದುಕಿ ಮನೆಗೆ ಹೋಗಿ ಮಗನ ಅಂಗಿಯ ಜೇಬಿನಿಂದ ತೆಗೆದ ಒಂದು ಜೆರಾಕ್ಸ್ ತಂದು ನನ್ನ ಕೈಯಲ್ಲಿಟ್ಟಳು. ಅವನನ್ನು ಎಲ್ಲರೆದುರು ಎರಡು ಮಾತು ಬೈದಳು ಕೂಡ. ಮತ್ತೆ ಒಂದು ಬಂತು, ಇನ್ನೊಂದು ಬಂತು. ಬಿಸಿಲೇರುವ ಹೊತ್ತಿಗೆ ಏಳು ಸಿಕ್ಕಿದವು. ಅವನ್ನು ಸ್ಟೆಲ್ಲಾಳ ಕೈಗೆ ಕೊಟ್ಟೆ. ಅವಳು ಒಲೆಗೆ ಹಾಕಲು ತಾಯಿಗೆ ಕೊಟ್ಟಳು. ಪತ್ರೋಸ್ ಒಳಗೆ ಹೋಗಿ ಪುಸ್ತಕದ ಪೆಟ್ಟಿಗೆಯನ್ನು ಹೊರಗೆ ತಂದಿಟ್ಟ.

ಆಮೇಲೆ ನಮ್ಮ ವಿಭಾಗದಲ್ಲಿ ಕೆಲಸದ ರೀತಿ ಬದಲಾಯಿತು. ಇಂಥ ಪತ್ರಗಳಲ್ಲಿ ದೂರುದಾರರ ಹೆಸರಿಲ್ಲ, ಚಿತ್ರವಿಲ್ಲ, ಪುಟದ ವಿಳಾಸ ಮಾತ್ರ, ಅದೂ ಮುಚ್ಚಿದ ಲಕೋಟೆಯಲ್ಲಿ. ಪ್ರತಿ ಎಂಬ ಪಟ್ಟಿಯೇ ಇಲ್ಲ. ಗುಂಡಿ ಒತ್ತಲು ಕುರುಪ್ ಸಾರ್ ನಿವೃತ್ತರಾಗುವ ಮೊದಲು ಒಂದು ಲಿಖಿತ ಆದೇಶ ಹೊರಡಿಸಿದರು. ಅದನ್ನು ಓದಿ ನಗುವವರು ನಗಲಿ, ಆ ಆದೇಶದ ಮೇಲೆ ಎಷ್ಟೋ ಪುಟಗಳು ಹೋದವು. ದೊಡ್ಡ ಕಂಪನಿಗಳನ್ನು ಬಗ್ಗಿಸುವುದು ನಮ್ಮಿಂದ ಆಗುವುದಿಲ್ಲ ಎಂದು ಹೊಸಬರು ಬೇಸರ ಮಾಡಿಕೊಳ್ಳುವುದನ್ನು ನೋಡುತ್ತೇನೆ. ಆಗುತ್ತದೆ, ನಿಧಾನವಾಗಿ ಆಗುತ್ತದೆ. ಅವರನ್ನು ಬಗ್ಗಿಸಲು ಹೋಗುವ ಮೊದಲು ನಿಮ್ಮ ಮೇಜಿನಿಂದ ಏನು ಹೊರಗೆ ಹೋಗುತ್ತಿದೆ ಎಂದು ನೋಡಿಕೊಳ್ಳಿ, ಅಷ್ಟೇ ನನ್ನ ಮಾತು.

ಸ್ಟೆಲ್ಲಾ ಪರೀಕ್ಷೆ ಬರೆದಳು. ಒಂದು ವಿಷಯ ಪಾಸಾಗದೆ ಉಳಿಯಿತು, ಮುಂದಿನ ಸಲ ಅದನ್ನೂ ಮುಗಿಸಿದಳು. ಅವಳು ಹಾಸ್ಟೆಲಿಗೆ ಮರಳಿದ ಆ ವಾರದ ಸಂಗತಿಯನ್ನು ನನಗೆ ಹೇಳಿದವರು ಅಲ್ಲಿನ ವಾರ್ಡನ್. ಪುಟ ಹೋಗಿದ್ದರೂ ನಂಬರು ಬರೆದಿಟ್ಟುಕೊಂಡವರ ಕರೆ ನಿಂತಿರಲಿಲ್ಲ. ಪತ್ರೋಸ್ ಅನುಮತಿ ಕೇಳಿ, ಪಡಸಾಲೆಯ ಫೋನಿನ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತನಂತೆ. ಫೋನು ಗಂಟೆ ಹೊಡೆದ ಕೂಡಲೇ ಎತ್ತಿ, "ಸ್ಟೆಲ್ಲಾಳ ಅಪ್ಪ ಮಾತಾಡುವುದು, ಎಂತ ಬೇಕಿತ್ತು ಹೇಳಿ," ಎನ್ನುತ್ತಿದ್ದನಂತೆ. ಮಾಡಿದವರೆಲ್ಲ ಫೋನು ಇಟ್ಟುಬಿಡುತ್ತಿದ್ದರಂತೆ. ಮೊದಲ ದಿನ ಹನ್ನೊಂದು ಸಲ ಎತ್ತಿದ, ಮರುದಿನ ನಾಲ್ಕು ಸಲ. ಮೂರನೆಯ ದಿನ ಫೋನು ಬಂದದ್ದು ಒಂದೇ ಸಲ. ಅದು ಅವನ ಹೆಂಡತಿ, ಊಟ ಆಯಿತಾ ಎಂದು ಕೇಳಲು ವಿಳಿಂಜಂನ ಬೂತಿನಿಂದ ಮಾಡಿದ್ದಳು.

"ಆಯ್ತು," ಎಂದನಂತೆ ಪತ್ರೋಸ್. "ನೀನು ಸ್ವಲ್ಪ ಮೆಲ್ಲ ಮಾತಾಡು. ಮಗಳು ಮೇಲೆ ಓದ್ತಾ ಇದ್ದಾಳೆ."